ನಾಲ್ಕನೆಯ ಪೆಟ್ಟಿಗೆಯ ಹೆಬ್ಬೆರಳು

ಬಸ್ಸಿನಲ್ಲಿ ಕೂರಲು ಜಾಗವಿದ್ದರೂ ಅವಳು ನಿಂತೇ ಇದ್ದಳು. ಕೂತರೆ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು, ಇಟ್ಟುಕೊಂಡರೆ ಒಳಗಿನ ತಗಡಿನ ಡಬ್ಬಿ ತೊಡೆಗೆ ಒತ್ತುತ್ತದೆ, ಒತ್ತಿದರೆ ಅದನ್ನು ಯಾಕೆ ತಂದೆ ಎಂದು ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ. ಯಾಕೆ ತಂದಳೋ ಅವಳಿಗೇ ಗೊತ್ತಿಲ್ಲ. ಬೆಳಿಗ್ಗೆ ಮನೆಗೆ ಬೀಗ ಹಾಕಿ ನಾಲ್ಕು ಮೆಟ್ಟಿಲು ಇಳಿದವಳು ಮತ್ತೆ ಹತ್ತಿ, ಬೀಗ ತೆಗೆದು, ಅಕ್ಕನ ಬೀರುವಿನ ಕೆಳಗಿನ ಖಾನೆಯಿಂದ ಆ ಡಬ್ಬಿಯನ್ನು ಎತ್ತಿ ಬ್ಯಾಗಿಗೆ ತುರುಕಿಕೊಂಡು, ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಎನ್ನುವ ಹಾಗೆ ಓಡಿ ಬಂದು ಬಸ್ಸು ಹಿಡಿದಿದ್ದಳು. ಅಕ್ಕ ತೀರಿಹೋಗಿ ಹನ್ನೊಂದು ವರ್ಷ. ಅಷ್ಟು ವರ್ಷವೂ ಡಬ್ಬಿ ಆ ಖಾನೆಯಲ್ಲಿ ತಣ್ಣಗೆ ಕೂತಿತ್ತು, ಇವತ್ತೇ ಏನು ಬಂದಿತ್ತು ಅದಕ್ಕೆ ರೋಗ? ರೋಗ ಡಬ್ಬಿಗೆ ಬಂದಿರಲಿಲ್ಲ. ಇವತ್ತು ಹತ್ತೂವರೆಗೆ ಮ್ಯೂಸಿಯಮ್ಮಿಗೆ ಬೆರಳಚ್ಚಿನ ಪ್ರೊಫೆಸರ್ ಬರುತ್ತಾರೆ. ಬಂದು, ನಾಲ್ಕನೆಯ ಪೆಟ್ಟಿಗೆಯ ಏಳನೆಯ ವಸ್ತುವನ್ನು ಹತ್ತಿಯಲ್ಲಿ ಸುತ್ತಿ ತಮ್ಮ ಜೊತೆ ತೆಗೆದುಕೊಂಡು ಹೋಗುತ್ತಾರೆ. ಆಮೇಲೆ ಅದು ಪುಸ್ತಕದಲ್ಲಿ ಅಚ್ಚಾಗುತ್ತದೆ, ಗಾಜಿನ ಹಿಂದೆ ಕೂರುತ್ತದೆ. ಅವಳಾಗಲಿ ಇನ್ನಾರಾಗಲಿ ಅದನ್ನು ಮುಟ್ಟುವ ಹಾಗಿಲ್ಲ.

ವಸ್ತುಸಂಗ್ರಹಾಲಯದ ಕಡತದಲ್ಲಿ ಅವಳ ಹುದ್ದೆಗೆ ಒಂದು ಉಸಿರಿಗೆ ಹೇಳಿ ಮುಗಿಸಲಾಗದ ಹೆಸರಿದೆ. ಮಕ್ಕಳು ಅದನ್ನೆಲ್ಲ ಗಾಳಿಗೆ ತೂರಿ ಪೆಟ್ಟಿಗೆ ಟೀಚರ್ ಎನ್ನುತ್ತಾರೆ. ಹತ್ತು ಮರದ ಪೆಟ್ಟಿಗೆಗಳು. ಒಂದೊಂದರಲ್ಲೂ ನೆಲದೊಳಗಿಂದ ಬಂದ ಹತ್ತು ವಸ್ತುಗಳು, ಹತ್ತು ಕಾರ್ಡುಗಳು, ಒಂದು ಭೂತಗನ್ನಡಿ, ಮೇಜಿಗೆ ಹಾಸಲು ದಪ್ಪ ಬಟ್ಟೆ, ಮೇಷ್ಟರಿಗೊಂದು ಕೈಪಿಡಿ. ಒಂದೊಂದು ಪೆಟ್ಟಿಗೆ ಒಂದೊಂದು ಶಾಲೆಗೆ ಹೋಗಿ ಹದಿನೈದು ದಿನ ಇದ್ದು ಬರುತ್ತದೆ. ಮ್ಯೂಸಿಯಮ್ಮಿನ ಗೋಡೆಗೋಡೆಯಲ್ಲೂ ‘ಮುಟ್ಟಬೇಡಿ’ ಎಂದಿದ್ದರೆ ಪೆಟ್ಟಿಗೆಯ ಮುಚ್ಚಳದ ಒಳಮೈಯಲ್ಲಿ ‘ಮುಟ್ಟಿ’ ಎಂದು ಬರೆದಿದೆ. ಬರೆದವಳು ಅವಳೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇಪ್ಪತ್ತಾರು ವರ್ಷದ ಹಿಂದೆ. ಎಲ್ಲಿ ಸಿಕ್ಕಿತು, ಎಷ್ಟು ಆಳದಲ್ಲಿ ಸಿಕ್ಕಿತು ಎಂಬ ಲೆಕ್ಕ ತಪ್ಪಿಹೋಗಿ ವಿದ್ವಾಂಸರಿಗೆ ಬೇಡವಾದ ಚೂರುಪಾರುಗಳು ಪೆಟ್ಟಿಗೆಯ ಪಾಲಿಗೆ ಬರುತ್ತವೆ. ಅವು ಸಾಲದಿದ್ದರೆ ಪ್ರತಿಕೃತಿ ಮಾಡಿಸಿ ಇಡುವುದು. ಪ್ರತಿಕೃತಿಯ ಬೆನ್ನಿಗೆ ಒಂದು ಕೆಂಪು ಬೊಟ್ಟು ಇಡಲೇಬೇಕು. ‘ಮಕ್ಕಳಿಗೆ ಸುಳ್ಳು ಹೇಳಬಾರದು’ ಎನ್ನುವುದು ಕೈಪಿಡಿಯ ಮೊದಲ ಪುಟದ ಮೊದಲ ವಾಕ್ಯ. ಅದನ್ನು ಬರೆದವಳೂ ಅವಳೇ. ಕಾರ್ಡು ನಾಲ್ಕು ಸಾಲು ಮೀರಬಾರದು ಎಂಬ ಇನ್ನೊಂದು ನಿಯಮವೂ ಅವಳದೇ. ಮೀರಿದರೆ ಮಕ್ಕಳು ಓದುವುದಿಲ್ಲ, ಮೇಷ್ಟರಂತೂ ಮೊದಲೇ ಓದುವುದಿಲ್ಲ.

ಏಳನೆಯ ವಸ್ತು ಅಂಗೈಯಗಲದ ಒಂದು ಮಡಕೆ ಚೂರು. ಮಣ್ಣು ಹಸಿಯಿದ್ದಾಗ ಯಾರೋ ಹೆಬ್ಬೆರಳು ಒತ್ತಿದ ಗುಳಿಯೊಂದು ಅದರಲ್ಲಿದೆ. ‘ನಿಮ್ಮ ಹೆಬ್ಬೆರಳನ್ನು ಈ ಗುಳಿಯಲ್ಲಿ ಇಡಿ,’ ಎನ್ನುತ್ತದೆ ಕಾರ್ಡು. ‘ಮೂರು ಸಾವಿರ ವರ್ಷದ ಹಿಂದೆ ಇಲ್ಲಿ ಇನ್ನೊಬ್ಬರ ಹೆಬ್ಬೆರಳಿತ್ತು. ಅಡ್ಡಕ್ಕೆ ಒಂದು ಗಾಯದ ಗೆರೆ ಕಾಣಿಸಿತೇ? ಏನಾಗಿತ್ತು ಎಂದು ಅವರಿಗೊಂದು ಕಾಗದ ಬರೆದು ಕೇಳಿ.’ ಮಕ್ಕಳು ಬರೆಯುತ್ತಾರೆ. ಗಾಯದಮ್ಮನಿಗೆ ಎಂದು ವಿಳಾಸ ಹಾಕಿ, ಪೆಟ್ಟಿಗೆಯಲ್ಲೇ ಇಟ್ಟು ಕಳಿಸುತ್ತಾರೆ. ಗಾಯದಮ್ಮ, ನಿನಗೆ ತುಂಬಾ ನೋವಾಯಿತಾ? ಗಾಯದಮ್ಮ, ನಮ್ಮಮ್ಮನಿಗೂ ಹೀಗೇ ಆಗಿತ್ತು, ಗಾಳಿ ಊದಿದೆ, ಹೋಯಿತು. ಗಾಯದಮ್ಮ, ನಿನಗೆ ತಂಗಿ ಇದ್ದಳಾ? ಅವಳ ಮೇಜಿನ ಕೆಳಗೆ ಎರಡು ರಟ್ಟಿನ ಡಬ್ಬ ತುಂಬ ಅಂಥ ಕಾಗದಗಳಿವೆ, ಒಂದನ್ನೂ ಅವಳು ಬಿಸಾಡಿಲ್ಲ. ಆ ಚೂರಿನ ಬೆನ್ನಿಗೆ ಕೆಂಪು ಬೊಟ್ಟು ಇಲ್ಲ. ಇರಬೇಕಾಗಿತ್ತು. ಅದು ಮೂರು ಸಾವಿರ ವರ್ಷದ್ದಲ್ಲ, ಇಪ್ಪತ್ತೆರಡು ವರ್ಷದ್ದು. ಗಾಯದಮ್ಮ ಎಂದರೆ ಅವಳ ಅಕ್ಕ.

ಗೇಟಿನಲ್ಲಿ ಬೀಗದ ತಾತ ಎದುರಾದ. ಮ್ಯೂಸಿಯಮ್ಮಿನ ಎಲ್ಲ ಬಾಗಿಲುಗಳ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ, ಪೆಟ್ಟಿಗೆಗಳನ್ನು ವ್ಯಾನಿಗೆ ಹೊತ್ತು ಹಾಕುವ ಮುದುಕ. “ಏನ್ ಟೀಚರಮ್ಮ, ಇವತ್ತು ನಿಮ್ಮ ಬೋಕಿಚೂರನ್ನ ನೋಡೋಕೆ ವರ ಬರ್ತಿದ್ದಾನಂತೆ?” ಎಂದ. ಅವಳು ನಕ್ಕಳು. ನಗು ಮುಖದ ಮೇಲೆ ನಿಲ್ಲದೆ ಜಾರಿತು. “ನಾಲ್ಕನೇ ಪೆಟ್ಟಿಗೆ ಎರಡು ಗಂಟೆಗೆ ಸ್ಕೂಲಿಗೆ ಹೋಗಬೇಕಲ್ಲ, ಹೋಗುತ್ತೋ ಇಲ್ವೋ?” ಎಂದು ಅವನು ಕೇಳಿದ್ದಕ್ಕೆ, “ಹೋಗುತ್ತೆ. ಒಂದು ಸಾಮಾನು ಕಡಿಮೆ ಹೋಗುತ್ತೆ ಅಷ್ಟೆ,” ಎಂದಳು. ಹಾಗೆ ಹೇಳಿ ಅವನ ಮುಖ ನೋಡದೆ ಒಳಗೆ ನಡೆದಳು.

ಅವಳ ಕೋಣೆ ಮೊದಲು ಛತ್ರಿ ಮತ್ತು ಚೀಲ ಇಡುವ ಕೋಣೆಯಾಗಿತ್ತು. ಗೋಡೆಯಲ್ಲಿ ಇನ್ನೂ ಮೊಳೆಗಳಿವೆ, ಮೊಳೆಗಳಿಗೆ ನಂಬರುಗಳಿವೆ. ನಾಲ್ಕನೆಯ ಪೆಟ್ಟಿಗೆ ಮೇಜಿನ ಮೇಲಿತ್ತು. ಅವಳು ಬ್ಯಾಗನ್ನು ಕುರ್ಚಿಗೆ ನೇತುಹಾಕಿ, ಪೆಟ್ಟಿಗೆ ತೆರೆದು, ಚೂರನ್ನು ಎತ್ತಿ, ಪ್ರತಿ ಸಲ ಪೆಟ್ಟಿಗೆ ಶಾಲೆಯಿಂದ ವಾಪಸು ಬಂದಾಗ ಮಾಡುವಂತೆ ಗುಳಿಯಲ್ಲಿ ತನ್ನ ಹೆಬ್ಬೆರಳಿಟ್ಟಳು. ಅಕ್ಕನ ಬೆರಳು ಅವಳದಕ್ಕಿಂತ ಅಗಲ. ಕತ್ತರಿ ಹಿಡಿದು ಹಿಡಿದು ಚಪ್ಪಟೆಯಾದ ಬೆರಳು. ಶಾಲೆ ಮಕ್ಕಳ ಯೂನಿಫಾರಂ ಹೊಲಿದು ಹೊಲಿದು ಅಕ್ಕ ಅವಳನ್ನು ಓದಿಸಿದ್ದಳು. ತಾನು ನಾಲ್ಕನೆಯ ಕ್ಲಾಸಿಗೇ ಪುಸ್ತಕ ಮಡಚಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳು. ಅಡ್ಡಕ್ಕಿರುವ ಆ ಗಾಯದ ಗೆರೆ ಅದಕ್ಕೂ ಹಿಂದಿನದು. ಪರೀಕ್ಷೆಯ ದಿನ ಬೆಳಿಗ್ಗೆ ತಂಗಿಯ ಪೆನ್ಸಿಲ್ ಮೊಂಡಾಗಿದೆ ಎಂದು ಬ್ಲೇಡಿನಲ್ಲಿ ಹೆರೆಯಲು ಹೋಗಿ ಹೆಬ್ಬೆರಳನ್ನೇ ಹೆರೆದುಕೊಂಡಿದ್ದಳು. ರಕ್ತ ತೊಟ್ಟಿಕ್ಕುತ್ತಿದ್ದರೂ ಪೆನ್ಸಿಲ್ ಮುಂದೆ ಚಾಚಿ, “ಹೋಗು, ಹೋಗು, ಬೆಲ್ ಹೊಡೀತಾರೆ,” ಎಂದಿದ್ದಳು. ಅವಳು ಓಡಿಯೇ ಹೋಗಿದ್ದಳು, ಹಿಂದಿರುಗಿ ನೋಡದೆ.

“ಟೀಚರ್, ಎಲ್ಲಾ ರೆಡಿನಾ?” ಹೊಸ ಮೇಡಂ ಬಾಗಿಲಲ್ಲಿ ನಿಂತಿದ್ದಳು. ಮ್ಯೂಸಿಯಮ್ಮಿನ ಮುಖ್ಯಸ್ಥೆಯಾಗಿ ಬಂದು ಎಂಟು ತಿಂಗಳಾದರೂ ಎಲ್ಲರ ಬಾಯಲ್ಲಿ ಹೊಸ ಮೇಡಂ. ವಯಸ್ಸು ಮೂವತ್ತೆರಡೋ ಮೂವತ್ತಮೂರೋ. ಬಂದ ದಿನವೇ ಇದೇ ಕೋಣೆಗೆ ಬಂದು ಪೆಟ್ಟಿಗೆಗಳ ಮೇಲೆ ಕೈಯಾಡಿಸಿ, “ನಾನು ಐದನೇ ಕ್ಲಾಸಲ್ಲಿದ್ದಾಗ ಈ ನಾಲ್ಕನೇ ಪೆಟ್ಟಿಗೆ ನಮ್ಮ ಸ್ಕೂಲಿಗೆ ಬಂದಿತ್ತು ಟೀಚರ್. ಆ ಹೆಬ್ಬೆರಳೇ ನನ್ನನ್ನ ಇಲ್ಲಿಗೆ ಎಳ್ಕೊಂಡು ಬಂದಿದ್ದು,” ಎಂದಿದ್ದಳು. ಕೇಳಿದವಳಿಗೆ ಹೆಮ್ಮೆಯಿಂದ ಕಣ್ಣು ತುಂಬಿತ್ತು, ಮರುಗಳಿಗೆಯೇ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತ್ತು. ಪೆಟ್ಟಿಗೆಗಳನ್ನೆಲ್ಲ ಊರಿಗೆ ತೋರಿಸಬೇಕೆಂದು ಉತ್ಸಾಹದಿಂದ ಒಂದೊಂದೇ ವಸ್ತುವಿನ ಫೋಟೋ ತೆಗೆಸಿ ಕಾರ್ಡಿನ ಸಮೇತ ಇಂಟರ್ನೆಟ್ಟಿಗೆ ಹಾಕಿಸಿದವಳೂ ಈ ಮೇಡಮ್ಮೇ. ಗಾಯದ ಗೆರೆಯಿರುವ ಬೆರಳಚ್ಚಿನ ಫೋಟೋ ಎಲ್ಲಿಂದೆಲ್ಲಿಗೋ ಹೋಗಿ, ಹಳೆಯ ಮಡಕೆಗಳ ಮೇಲಿನ ಬೆರಳಚ್ಚುಗಳನ್ನೇ ಇಡೀ ಜನ್ಮ ಓದಿದ ಪ್ರೊಫೆಸರೊಬ್ಬರ ಕಣ್ಣಿಗೆ ಬಿತ್ತು. “ಇಂಥದ್ದು ಇನ್ನೊಂದಿಲ್ಲವಂತೆ ಟೀಚರ್! ನಿಮ್ಮ ಕಾರ್ಡಿನಿಂದ ಆಗಿದ್ದು ಇದೆಲ್ಲ. ಎರಡು ತಿಂಗಳಲ್ಲಿ ರಿಟೈರಾಗೋರಿಗೆ ಇದಕ್ಕಿಂತ ಒಳ್ಳೆ ಉಡುಗೊರೆ ಬೇಕಾ?” ಅವಳು ತಲೆಯಾಡಿಸಿದಳು. ಬೇಡ ಎಂದು ತಲೆಯಾಡಿಸಿದಳೋ ಹೌದೆಂದೋ ಅವಳಿಗೇ ತಿಳಿಯಲಿಲ್ಲ.

ಅಸಲು ಚೂರು ಒಡೆದದ್ದು ಒಂದು ಶನಿವಾರ ಮಧ್ಯಾಹ್ನ. ಪೆಟ್ಟಿಗೆಯ ವಸ್ತುಗಳನ್ನು ಮನೆಗೆ ಒಯ್ಯಬಾರದೆಂಬ ನಿಯಮ ಆಗಲೂ ಇತ್ತು. ಕಾರ್ಡುಗಳನ್ನು ನಿಧಾನವಾಗಿ, ಮನಸ್ಸಿಟ್ಟು ಬರೆಯಬೇಕೆಂಬ ಹುಚ್ಚು ಅವಳಿಗೆ; ಮೂರು ವಸ್ತುಗಳನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದಳು. ಆಗಿನ ಕಾರ್ಡಿನಲ್ಲಿ ಗಾಯದ ಮಾತಿರಲಿಲ್ಲ, ಅಸಲು ಹೆಬ್ಬೆರಳಿಗೆ ಗಾಯವಿರಲಿಲ್ಲ. ಅವಳು ಬರೆಯುತ್ತಿದ್ದಳು, ಅಕ್ಕ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಬಂದು ಮೇಜಿನ ಪಕ್ಕ ನಿಂತು ಇನ್ನೂ ಒಣಗದ ಕಾರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಇಲ್ಲಿ ಬೆರಳಿಡಬೇಕೇನೇ?” “ಹ್ಞೂಂ, ಇಡು,” ಎಂದಿದ್ದಳು ಅವಳು, ತಲೆ ಎತ್ತದೆ. ಆಮೇಲೆ ಸದ್ದು. ಎಣ್ಣೆಗೈಯಿಂದ ಜಾರಿ ಬಿದ್ದ ಚೂರು ಐದು ತುಂಡಾಗಿತ್ತು. ಕಾರ್ಡು ಹೇಳಿದ ಹಾಗೆ ಮಾಡಿದ ಮೊದಲ ಮಗು ಅಕ್ಕನೇ. ಅದು ಆಗ ಹೊಳೆಯಲಿಲ್ಲ. ಆಗ ಅವಳು ಎದ್ದು ನಿಂತು, ಮುಖ ಸುಟ್ಟುಕೊಂಡವಳ ಹಾಗೆ ಕಿರುಚಿದ್ದಳು: “ಮೂರು ಸಾವಿರ ವರ್ಷ ಮಣ್ಣಲ್ಲಿ ಉಳ್ಕೊಂಡಿತ್ತು ಕಣೇ! ನಿನ್ನ ಕೈಲಿ ಮೂರು ನಿಮಿಷ ಉಳೀಲಿಲ್ಲ!” ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಾಲಿಗೆ ನಿಲ್ಲಲಿಲ್ಲ. “ಓದು ಬರಹ ಇಲ್ಲದೋರ ಕೈಗೆ ಇಂಥವೆಲ್ಲ ಸಿಗಲೇಬಾರದು.” ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು, ಒಂದು ಸಲ, ಎರಡು ಸಲ, ಮೂರು ಸಲ, ಕೈಯಲ್ಲಿ ಎಣ್ಣೆ ಉಳಿಯದಿದ್ದರೂ ಮತ್ತೆ. ಆಮೇಲೆ ಮಂಡಿಯೂರಿ ತುಂಡುಗಳನ್ನು ಆರಿಸತೊಡಗಿದಳು.

ಮಂಗಳವಾರ ಪೆಟ್ಟಿಗೆ ಶಾಲೆಗೆ ಹೋಗಬೇಕಿತ್ತು. ಭಾನುವಾರವೆಲ್ಲ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದ್ದಳು, ಕೆಲಸ ಹೋಯಿತು, ಮಾನ ಹೋಯಿತು ಎಂದು. ಹಿತ್ತಿಲಿನಲ್ಲಿ ಅಕ್ಕ ಏನೋ ಕುಟ್ಟುತ್ತಿದ್ದಳು, ನೀರು ಹುಯ್ಯುತ್ತಿದ್ದಳು. ಏನೆಂದು ಅವಳು ಕೇಳಲಿಲ್ಲ. ಸೋಮವಾರ ಸಂಜೆ ಅಕ್ಕ ಬಾಗಿಲು ತಟ್ಟಿ, ಎರಡು ಕೈಯಲ್ಲಿ ಬಟ್ಟೆಯೊಂದನ್ನು ಹಿಡಿದು, ಹುಬ್ಬಿನವರೆಗೂ ಮಸಿ ಮಾಡಿಕೊಂಡು ನಿಂತಿದ್ದಳು. “ತಗೋ ನಿನ್ನ ಮೂರು ಸಾವಿರ ವರ್ಷ. ಇನ್ನೂ ಬಿಸಿ ಇದೆ, ನೋಡ್ಕೊಂಡು ಹಿಡಿ,” ಎಂದು ನಕ್ಕಿದ್ದಳು. ಗಿಡದ ಬುಡದ ಮಣ್ಣು ಜರಡಿ ಹಿಡಿದು, ಬಿಸಿಲಿಗೊಣಗಿಸಿ, ಇದ್ದಿಲಿನ ಒಲೆಯಲ್ಲಿ ಹುಗಿದು ಸುಟ್ಟು, ಟೀ ನೀರಿನಲ್ಲಿ ಅದ್ದಿ, ಬೂದಿ ತಿಕ್ಕಿ ಮಾಡಿದ ಚೂರು. ಎರಡು ಸೀಳಿಹೋಗಿ ಮೂರನೆಯದು ನಿಂತಿತ್ತಂತೆ. ಅಂಚಿನ ಬಾಗು, ಬಣ್ಣ, ತೂಕ, ಎಲ್ಲ ಅಚ್ಚುಕಟ್ಟು. ಅಳತೆಯೊಂದೂ ತಪ್ಪದ ಕೈ ಅದು. ಬೆನ್ನಿಗೆ ಕೆಂಪು ಬೊಟ್ಟು ಇಡಬೇಕಿತ್ತು, ಇಟ್ಟರೆ ಅಸಲು ಎಲ್ಲಿ ಎಂದು ಕೇಳುತ್ತಾರೆ. ಇವತ್ತಿನ ಮಟ್ಟಿಗೆ, ಆಮೇಲೆ ನೋಡೋಣ ಎಂದು ಪೆಟ್ಟಿಗೆಯಲ್ಲಿಟ್ಟಳು. ಆಮೇಲೆ ಎಂಬುದು ಬರಲೇ ಇಲ್ಲ.

ಅಕ್ಕನ ಆ ನಗುವೊಂದನ್ನು ಅವಳು ಇಷ್ಟು ವರ್ಷ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಕ್ಕಳಲ್ಲ, ಹಾಗಾದರೆ ಮರೆತಳು, ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಕ್ಷಮಿಸು ಎಂದು ಕೇಳುವ ಕಷ್ಟ ಅದರಿಂದ ತಪ್ಪಿತ್ತು. ಆದರೂ ಕೆಲವು ಸಂಗತಿಗಳು ನಗುವಿನ ಜೊತೆ ಹೊಂದುತ್ತಿರಲಿಲ್ಲ. ಆ ಶನಿವಾರದ ಮೇಲೆ ಅಕ್ಕ ಅವಳ ಮೇಜಿನ ಮೇಲಿನ ಒಂದು ವಸ್ತುವನ್ನೂ ಮುಟ್ಟಲಿಲ್ಲ. ಟೀ ತಂದರೆ ಬಾಗಿಲ ಹತ್ತಿರದ ಸ್ಟೂಲಿನ ಮೇಲಿಟ್ಟು, “ಟೀ ಇಟ್ಟಿದ್ದೀನಿ, ನೀನೇ ಬಂದು ತಗೋ,” ಎನ್ನುವಳು. ಕಸ ಗುಡಿಸಿದರೆ ಮೇಜಿನ ಸುತ್ತ ಒಂದು ಮೊಳ ಬಿಟ್ಟು ಗುಡಿಸುವಳು. ಅದನ್ನು ಅವಳು ಸೋಮಾರಿತನ ಎಂದುಕೊಂಡಿದ್ದಳು, ಒಂದು ಸಲ ಹಾಗೆಂದು ಆಡಿಯೂ ತೋರಿಸಿದ್ದಳು. ಅಕ್ಕ ಹೋದ ಮೇಲೆ ಬೀರುವಿನಲ್ಲಿ ಡಬ್ಬಿ ಸಿಕ್ಕಿತು. ರವಿಕೆ ಬಟ್ಟೆಯ ತುಂಡಿನಲ್ಲಿ ಸುತ್ತಿದ ಅಸಲು ಚೂರಿನ ಐದು ತುಂಡುಗಳು; ಎರಡನ್ನು ಹಿಟ್ಟಿನ ಅಂಟು ಹಾಕಿ ಕೂಡಿಸಲು ನೋಡಿದ ಗುರುತು. ಕೂಡಿರಲಿಲ್ಲ. ಆ ತಿಂಗಳೇ ಅವಳು ಏಳನೆಯ ಕಾರ್ಡನ್ನು ಹೊಸದಾಗಿ ಬರೆದು ಗಾಯದ ಗೆರೆಯ ಮಾತು ಸೇರಿಸಿದ್ದಳು. ಯಾರಾದರೂ ಅಕ್ಕನ ಬಗ್ಗೆ ಕೇಳಲಿ ಎಂದು. ಮನೆಗೆ ಬಂದವರು ಒಂದು ವಾರ ಕೇಳಿದರು, ಆಮೇಲೆ ನಿಲ್ಲಿಸಿದರು. ಮಕ್ಕಳು ಹನ್ನೊಂದು ವರ್ಷದಿಂದ ಕೇಳುತ್ತಲೇ ಇದ್ದಾರೆ. ಪಾಪ, ಆ ಮಕ್ಕಳಿಗೇನು ಗೊತ್ತು, ಒಬ್ಬಳ ಸಂಕಟಕ್ಕೆ ತಾವು ಕಾಗದ ಬರೆಯುತ್ತಿದ್ದೇವೆಂದು.

ಪ್ರೊಫೆಸರ್ ಹತ್ತೂವರೆ ಎಂದವರು ಹತ್ತಕ್ಕೇ ಬಂದುಬಿಟ್ಟಿದ್ದರು. ಬೆನ್ನು ಬಾಗಿದ, ಬಾಯಿ ಮಾತ್ರ ಎಳ್ಳಷ್ಟೂ ಬಾಗದ ವೃದ್ಧರು. ಬಂದವರೇ ಕುರ್ಚಿ ಎಳೆದುಕೊಂಡು, ಕೋಟಿನ ಜೇಬಿನಿಂದ ಪುಟ್ಟ ದೀಪ, ಕಣ್ಣಿಗೆ ಸಿಕ್ಕಿಸುವ ಮಸೂರ ತೆಗೆದು, “ನಾನು ಮಡಕೆ ನೋಡೋನಲ್ಲಮ್ಮ, ಬೆರಳು ನೋಡೋನು. ಮಡಕೆ ಬಗ್ಗೆ ಕೇಳಬೇಡಿ, ಒಂದಕ್ಷರ ಬರಲ್ಲ,” ಎಂದು ನಕ್ಕರು. ಹೊಸ ಮೇಡಂ ಮೇಜಿಗೆ ದಪ್ಪ ಬಟ್ಟೆ ಹಾಸಿದಳು. ಚೂರನ್ನು ಅದರ ಮೇಲಿಡಬೇಕಾದವಳು ಪೆಟ್ಟಿಗೆ ಟೀಚರ್. ಇಟ್ಟಳು, ಇಟ್ಟ ಮೇಲೂ ಕೈ ಹಿಂದಕ್ಕೆ ಬರಲಿಲ್ಲ. “ಬಿಡೀಮ್ಮ, ತಿನ್ನೋದಿಲ್ಲ ನಾನು,” ಎಂದರು ಪ್ರೊಫೆಸರ್. ಅವಳು ಕೈ ತೆಗೆದು ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಬ್ಯಾಗಿನ ಪಟ್ಟಿ ಹಿಡಿದುಕೊಂಡು ನಿಂತಳು.

ಸುಮ್ಮನಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಚೂರು ಹೋಗುತ್ತದೆ, ಹಾರ ಹಾಕಿ ಅವಳನ್ನು ಬೀಳ್ಕೊಡುತ್ತಾರೆ, ಅಕ್ಕನ ಹೆಬ್ಬೆರಳು ಮೂರು ಸಾವಿರ ವರ್ಷ ಹಳೆಯದಾಗಿ ಪುಸ್ತಕದಲ್ಲಿ ಸೇರುತ್ತದೆ. ಓದು ಬರಹ ಇಲ್ಲದವಳು ವಿದ್ವಾಂಸರ ಪುಸ್ತಕಕ್ಕೆ ಹೋಗುತ್ತಾಳೆ. ಅಕ್ಕ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಬಾಯಿ ಬಿಟ್ಟರೆ? ಅಸಲನ್ನು ಒಡೆದು ಮುಚ್ಚಿಟ್ಟವಳು, ಸಾವಿರಾರು ಮಕ್ಕಳ ಕೈಗೆ ಸುಳ್ಳು ಕೊಟ್ಟವಳು ಎಂದಾಗುತ್ತದೆ. ಎದುರಿಗೆ ನಿಂತಿರುವ ಈ ಹುಡುಗಿಯ ಮುಖ ಏನಾಗಬಹುದೋ ಅದನ್ನಂತೂ ನೆನೆಯಲೂ ಆಗದು. ಸುಮ್ಮನಿರುವುದೇ ಒಳ್ಳೆಯದು. ಅವಳು ಸುಮ್ಮನಿರುವುದೆಂದು ತೀರ್ಮಾನಿಸಿದಳು. ತೀರ್ಮಾನಿಸಿದ ಮೇಲೆ ಸ್ವಲ್ಪ ಉಸಿರು ಬಂತು.

“ಹೆಂಗಸು,” ಎಂದರು ಪ್ರೊಫೆಸರ್, ಮಸೂರದಿಂದ ಕಣ್ಣು ತೆಗೆಯದೆ. “ಗೆರೆಗಳ ಅಗಲ ನೋಡಿದರೆ ನಲವತ್ತರ ಆಸುಪಾಸು. ಬಲಗೈ. ಗಾಯ ಚಿಕ್ಕ ವಯಸ್ಸಿಂದು, ಚೆನ್ನಾಗಿ ಕೂಡಿಕೊಂಡಿದೆ. ಈ ಪಕ್ಕ ಗೆರೆ ಸವೆದಿದೆ, ಏನನ್ನೋ ದಿನಾ ಹೀಗೆ ಅದುಮಿ ಹಿಡಿದು ದುಡಿದ ಕೈ.” ತಮ್ಮ ಹೆಬ್ಬೆರಳನ್ನು ಗಾಳಿಯಲ್ಲಿ ಅದುಮಿ ತೋರಿಸಿದರು. ಕತ್ತರಿ ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಹನ್ನೊಂದು ವರ್ಷದಿಂದ ಯಾರೂ ಅಕ್ಕನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ಇಷ್ಟು ಮಾತಾಡಿರಲಿಲ್ಲ. ಇನ್ನೂ ಹೇಳಲಿ, ನಿಲ್ಲಿಸದಿರಲಿ ಎಂದು ಆಸೆಯಾಯಿತು. ಪ್ರೊಫೆಸರ್ ದೀಪವನ್ನು ಪಕ್ಕಕ್ಕೆ ವಾಲಿಸಿ, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ನೋಡಿದರು.

“ವಿಚಿತ್ರವಾಗಿದೆಯಲ್ಲ ಇದು. ಎರಡು ಸಲ ಒತ್ತಿದ್ದಾರೆ.”

“ಎರಡು ಸಲಾನಾ ಸರ್?” ಎಂದಳು ಹೊಸ ಮೇಡಂ.

“ಇಲ್ಲಿ ನೋಡಿ, ಅಂಚಲ್ಲಿ ಗೆರೆ ಜೋಡಿಯಾಗಿದೆ. ಒಂದು ಸಲ ಒತ್ತಿ, ಸರಿ ಬಂತೋ ಇಲ್ವೋ ಅಂತ ತೆಗೆದು, ಮತ್ತೆ ಅದೇ ಜಾಗದಲ್ಲಿ ಒತ್ತಿದ್ದಾರೆ. ಎರಡನೇ ಸಲ ಬೆರಳು ನಿಂತಿಲ್ಲ. ಅಲುಗಿದೆ. ನಡುಗಿದೆ ಅಂತಲೇ ಅನ್ನಿ. ಕುಂಬಾರರು ಹೀಗೆ ಒತ್ತೋದಿಲ್ಲಮ್ಮ. ದಿನಕ್ಕೆ ನೂರು ಮಡಕೆ ಮಾಡೋ ಕೈಗೆ ಅನುಮಾನ ಇರಲ್ಲ. ಇದು ಕಲಿಯದೋರ ಕೈ. ತಪ್ಪಾದರೆ ಏನು ಗತಿ ಅಂತ ಹೆದರಿದ ಕೈ.” ಅವರು ಮಸೂರ ತೆಗೆದು ಕಣ್ಣುಜ್ಜಿಕೊಂಡರು. “ಪಾಪ, ಯಾರೋ ತಲೆ ಮೇಲೆ ನಿಂತು ಗದರ್ತಾ ಇದ್ದರೇನೋ.”

“ನಾನೇ ಸರ್,” ಎಂದಳು ಅವಳು.

ಇಬ್ಬರೂ ಅವಳ ಕಡೆ ತಿರುಗಿದರು. ಅವಳು ಬೇರೇನನ್ನೂ ಹೇಳಬೇಕೆಂದಿರಲಿಲ್ಲ. ಸುಮ್ಮನಿರುವುದೆಂದು ಈಗತಾನೆ ತೀರ್ಮಾನಿಸಿದ್ದವಳು. ನಡುಗಿದ ಕೈ! ನಕ್ಕಿದ್ದಳಲ್ಲ, ಹುಬ್ಬಿನ ತನಕ ಮಸಿ ಮಾಡಿಕೊಂಡು, ಬಿಸಿ ಇದೆ ನೋಡ್ಕೊಂಡು ಹಿಡಿ ಎಂದು ನಕ್ಕಿದ್ದಳಲ್ಲ! ಬಾಗಿಲಿಗೆ ಬರುವ ಮೊದಲು ಹಿತ್ತಿಲಿನಲ್ಲಿ ಒಬ್ಬಳೇ ಕೂತು, ಎರಡು ಸೀಳಿ ಮೂರನೆಯದಕ್ಕೆ ಬೆರಳೊತ್ತುವಾಗ ನಗುತ್ತಿರಲಿಲ್ಲವೇ? ಒತ್ತಿ, ತೆಗೆದು, ತಂಗಿ ಒಪ್ಪುತ್ತಾಳೋ ಇಲ್ಲವೋ ಎಂದು ಮತ್ತೆ ಒತ್ತಿದಳೇ? ಪೆನ್ಸಿಲ್ ಹೆರೆದ ಬೆರಳದು. ಪ್ರತಿ ಸಲ ಪೆಟ್ಟಿಗೆ ವಾಪಸು ಬಂದಾಗಲೂ ತಾನು ಆ ಗುಳಿಯಲ್ಲಿ ಬೆರಳಿಟ್ಟು ಅಕ್ಕನನ್ನು ಮುಟ್ಟಿದೆ ಎಂದುಕೊಂಡಿದ್ದಳು. ಮುಟ್ಟಿದ್ದು ಅಕ್ಕನ ಹೆದರಿಕೆಯನ್ನು. ಮಕ್ಕಳಿಗೆ ಭೂತಗನ್ನಡಿ ಕೊಟ್ಟು ನೋಡಿ ನೋಡಿ ಎಂದವಳು ತಾನು ಒಂದು ದಿನವೂ ಭೂತಗನ್ನಡಿ ಹಿಡಿದು ಅದನ್ನು ನೋಡಿರಲಿಲ್ಲ.

“ಗದರ್ತಾ ಇದ್ದೋಳು ನಾನೇ ಸರ್. ಅದು ನಮ್ಮಕ್ಕನ ಬೆರಳು,” ಎಂದು ಹೇಳಿ, ಬ್ಯಾಗಿನಿಂದ ಡಬ್ಬಿ ತೆಗೆದು, ರವಿಕೆ ಬಟ್ಟೆ ಬಿಚ್ಚಿ, ಐದು ತುಂಡುಗಳನ್ನು ಚೂರಿನ ಪಕ್ಕ ಇಟ್ಟಳು. ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಓದು ಬರಹ ಇಲ್ಲದೋರ ಕೈಗೆ ಎಂದಿದ್ದನ್ನೂ ಬಿಡದೆ ಹೇಳಿದಳು. ಹೇಳುವಾಗ ಅಳು ಬರಲಿಲ್ಲ, ಬಂದಿದ್ದರೆ ಸುಲಭವಾಗುತ್ತಿತ್ತು.

ಪ್ರೊಫೆಸರ್ ಅಭ್ಯಾಸ ಬಿಡದೆ ಮಸೂರ ಸಿಕ್ಕಿಸಿಕೊಂಡು ಅಸಲು ತುಂಡುಗಳ ಕಡೆ ಬಾಗಿದರು. “ಇದು ಕುಂಬಾರರ ಕೈ,” ಎಂದರು ಮೆಲ್ಲಗೆ. “ಒಂದೇ ಸಲ, ಗಟ್ಟಿಯಾಗಿ. ಇದನ್ನ ಕೂಡಿಸಿ ಓದಬಹುದು, ನಾನು ತಗೊಂಡು ಹೋಗ್ತೀನಿ.” ಅಕ್ಕನ ಚೂರನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. “ಇದು ನನಗೆ ಬೇಡ.” ಅಷ್ಟು ನಾಚಿಕೆಯ ನಡುವೆಯೂ ಆ ಸರಿಸಿದ್ದು ಅವಳಿಗೆ ಚುರುಕ್ಕೆಂದಿತು.

ಅವರು ರಸೀದಿಗೆ ಸಹಿ ಹಾಕಿ ತುಂಡುಗಳೊಂದಿಗೆ ಹೋದ ಮೇಲೆ ಹೊಸ ಮೇಡಂ ಬಾಗಿಲು ಮುಂದೆ ಮಾಡಿಕೊಂಡು ಬಂದು ಎದುರಿಗೆ ಕೂತಳು. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. “ನಾನು ಐದನೇ ಕ್ಲಾಸಲ್ಲಿ ಬೆರಳಿಟ್ಟಿದ್ದು ಯಾವುದರಲ್ಲಿ ಟೀಚರ್?” ಎಂದು ಕೇಳಿದಳು. “ಅದರಲ್ಲಾ, ಇದರಲ್ಲಾ?”

ವರ್ಷ ಎಣಿಸುವುದೇನೂ ಬೇಕಿರಲಿಲ್ಲ. ಮೇಡಂ ಬಂದ ದಿನವೇ ಎಣಿಸಿ ಆಗಿತ್ತು. “ಇದರಲ್ಲಿ.”

ಮೇಡಂ ಗೋಡೆಯ ಮೊಳೆಗಳನ್ನು ನೋಡುತ್ತ ಕೂತಳು. “ನಾನು ಇದನ್ನ ಬರೀಲೇಬೇಕು. ನಿಮ್ಮ ಮೇಲೆ ವರದಿ ಹೋಗುತ್ತೆ. ಸಮಾರಂಭ ಗಿಮಾರಂಭ ಇನ್ನು ನಡೆಯೋ ಹಾಗಿಲ್ಲ.” “ಬರೀರಿ ಮೇಡಂ. ನಡೆದಿದ್ದು ನಡೆದ ಹಾಗೆ ಬರೀರಿ.” “ಕೈಪಿಡಿಯ ಮೊದಲ ಸಾಲು ನನಗೆ ಬಾಯಿಪಾಠ ಟೀಚರ್. ಅದನ್ನ ಬರೆದೋರು ನೀವು.” ಮೇಡಮ್ಮಿನ ಕಣ್ಣು ತುಂಬಿದ್ದನ್ನು ನೋಡಿಯೂ ನೋಡದವಳ ಹಾಗೆ ಅವಳು ದಪ್ಪ ಬಟ್ಟೆಯನ್ನು ಮಡಿಸಿದಳು, ಸರಿಯಾಗಿ ಮಡಿಕೆ ಕೂಡಲಿಲ್ಲ, ಬಿಚ್ಚಿ ಮತ್ತೆ ಮಡಿಸಿದಳು. ಮೇಡಂ ಎದ್ದು ಬಾಗಿಲ ತನಕ ಹೋಗಿ ನಿಂತಳು. ಚೂರಿನ ಕಡೆ ನೋಡಲಿಲ್ಲ. “ಪ್ರತಿಕೃತಿಗೆ ನಿಯಮ ಏನಿದೆಯೋ ಅದನ್ನ ಮಾಡಿ. ಬೊಟ್ಟು ಇಡಿ, ರಿಜಿಸ್ಟರಲ್ಲಿ ಹತ್ತಿಸಿ, ಕಾರ್ಡು ಬದಲಾಯಿಸಿ. ಎರಡು ಗಂಟೆಗೆ ವ್ಯಾನ್ ಬರುತ್ತೆ.”

ಅಕ್ಕನ ಚೂರು ಪೆಟ್ಟಿಗೆಯಲ್ಲೇ ಇರುತ್ತದೆ ಎಂದು ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಸಲಾಗಿದ್ದರೆ ಗಾಜಿನ ಹಿಂದೆ ಹೋಗುತ್ತಿತ್ತು. ನಕಲಾದದ್ದರಿಂದ ಮಕ್ಕಳ ಕೈಯಲ್ಲಿ ಉಳಿಯುತ್ತದೆ. ಕೆಂಪು ಬಣ್ಣದ ಸೀಸೆ ಒಣಗಿತ್ತು, ಎರಡು ಹನಿ ನೀರು ಬಿಟ್ಟು ಕಡ್ಡಿಯಿಂದ ಕಲಸಿ, ಚೂರನ್ನು ಮಗುಚಿ, ಬೆನ್ನಿಗೆ ಬೊಟ್ಟಿಟ್ಟಳು. ಪ್ರತಿಕೃತಿಗಳ ರಿಜಿಸ್ಟರಿನಲ್ಲಿ ‘ತಯಾರಿಸಿದವರು’ ಎಂಬ ಕಾಲಮ್ಮಿನೆದುರು ಪೆನ್ನು ನಿಂತಿತು. ಹುಟ್ಟಿದಾಗಿನಿಂದ ಅಕ್ಕ ಅಕ್ಕ ಎಂದೇ ಕರೆದ ಬಾಯಿಗೆ ಆ ಹೆಸರು ತಟ್ಟನೆ ಬರಲಿಲ್ಲ. ನೆನಪು ಮಾಡಿಕೊಂಡು ಬರೆದಳು. ಕೆಲಸ ಎಂಬಲ್ಲಿ ಹೊಲಿಗೆ ಎಂದು ಬರೆದಳು. ಆಮೇಲೆ ಭೂತಗನ್ನಡಿ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋಗಿ, ಅಂಚಿನ ಆ ಜೋಡಿ ಗೆರೆಯನ್ನು ಕಣ್ಣು ಮಂಜಾಗುವ ತನಕ ನೋಡಿದಳು. ಅಕ್ಕ ಎದುರಿಗಿದ್ದರೆ ಹೇಳಬೇಕಾದ ಮಾತು ಒಂದೇ ಒಂದಿತ್ತು. ಅದನ್ನು ಹೇಳುವ ಆಸೆ ಎಷ್ಟು ಜೋರಾಗಿ ಬಂತೆಂದರೆ, ಛತ್ರಿ ಮೊಳೆಗಳ ಆ ಖಾಲಿ ಕೋಣೆಯಲ್ಲಿ ಅವಳು ಬಾಯಿಬಿಟ್ಟೇ “ಅಕ್ಕಾ” ಎಂದಳು.

ಹಳೆಯ ಕಾರ್ಡನ್ನು ಹರಿದು, ಹೊಸದರಲ್ಲಿ ಮಕ್ಕಳಿಗೆ ಬರೆಯುವ ದುಂಡು ಅಕ್ಷರದಲ್ಲಿ ಬರೆದಳು. ಮೂರು ಕಾರ್ಡು ಕೆಟ್ಟವು. ನಾಲ್ಕನೆಯದರಲ್ಲಿ ಹೀಗೆ ಬಂತು:

‘ಇದು ಹಳೆಯದಲ್ಲ. ಇದನ್ನು ಮಾಡಿದವಳು ನನ್ನ ಅಕ್ಕ.
ಅಸಲು ಅವಳ ಕೈಜಾರಿ ಒಡೆಯಿತು, ನಾನು ಅವಳನ್ನು ಬೈದೆ.
ಅವಳು ಎರಡು ಸಲ ಬೆರಳೊತ್ತಿದ್ದಾಳೆ. ಅವಳ ಕೈ ನಡುಗುತ್ತಿತ್ತು.
ನಿಮ್ಮ ಹೆಬ್ಬೆರಳನ್ನು ಇಲ್ಲಿ ಮೆಲ್ಲಗೆ ಇಡಿ.’

ಎಣಿಸಿದಳು. ನಾಲ್ಕೇ ಸಾಲು. ಹೊಸ ಮೇಡಂ ಬಂದು ಕಾರ್ಡು ಓದಿ, ತಿದ್ದಲೆಂದು ತೆರೆದ ಪೆನ್ನನ್ನು ಹಾಗೇ ಮುಚ್ಚಿ, ಅದನ್ನು ತನ್ನ ಕೈಯಾರೆ ಪೆಟ್ಟಿಗೆಯ ಏಳನೆಯ ಖಾನೆಯಲ್ಲಿಟ್ಟಳು.

ಎರಡಕ್ಕೆ ಹತ್ತು ನಿಮಿಷವಿರುವಾಗ ಬೀಗದ ತಾತ ಪೆಟ್ಟಿಗೆ ಹೊರಲು ಬಂದ. ಎತ್ತಿ ಹೆಗಲಿಗೇರಿಸಿಕೊಳ್ಳುವ ಮೊದಲು ಇಪ್ಪತ್ತಾರು ವರ್ಷದಿಂದ ಕೇಳುವ ಪ್ರಶ್ನೆಯನ್ನೇ ಕೇಳಿದ: “ಟೀಚರಮ್ಮ, ಒಡೆಯೋ ಸಾಮಾನು ಇದೆಯಾ ಒಳಗೆ?” ಇದೆ, ಜೋಪಾನ, ಒಡೆದೀಯಾ ಮತ್ತೆ ಎಂದು ಕಣ್ಣು ಕೆಕ್ಕರಿಸುವುದು ಅವಳ ರೂಢಿ. ಅವನು ಅದಕ್ಕೇ ಕಾದು ನಿಂತಿದ್ದ.

“ಇದೆ,” ಎಂದಳು. “ಒಡೆದರೆ ಯಾರನ್ನೂ ಬೈಬೇಡಿ ಅಂತ ಸ್ಕೂಲಿನವರಿಗೆ ಹೇಳು.”